ಹತ್ತಿಯುಂಡೆ

“ನಿದ್ದೆಗೂ ಶಿಸ್ತು ಬೇಕು ಕಣಯ್ಯ!” ಬೆಳಗಿನ ಹತ್ತು ಗಂಟೆಗೆ ಮಂಚದ ತುದಿಯಲ್ಲೇ ಕೂತು ಗಂಡ ಫೋನಿನಲ್ಲಿ ಗೆಳೆಯನಿಗೆ ಗಂಟಲು ಹರಿದುಕೊಂಡು ಉಪದೇಶಿಸುತ್ತಿದ್ದ. ರಾತ್ರಿಪಾಳಿ ಮುಗಿಸಿ ಬಂದ ನರ್ಸ್ ಹೆಂಡತಿ ಅದೇ ಮಂಚದಲ್ಲಿ ಮುಸುಕೆಳೆದು ಮಲಗಿದ್ದಳು.

ಮಹಾಶಯನದು ಕೋಳಿನಿದ್ದೆ. ಅದಕ್ಕಾಗಿ ಗೋಡೆ ಗಡಿಯಾರದ ಸೆಲ್ ಕಿತ್ತಾಗಿತ್ತು. ರಾತ್ರಿ ಒಂಬತ್ತಾದರೆ ಮಕ್ಕಳು ಬೆಕ್ಕಿನ ಹೆಜ್ಜೆ ಇಡಬೇಕಿತ್ತು. ದಿನವೂ ಪಾಳಿಗೆ ಹೊರಡುವ ಮುನ್ನ ಇವನ ಕಿವಿಗೆ ಎರಡು ಹತ್ತಿಯುಂಡೆ ಮಾಡಿಟ್ಟು ಹೋಗುವುದು ಅವಳ ಪಾಲಿನ ಸೇವೆ.

“ಕತ್ತಲೆ ಇರ್ಬೇಕು, ಸದ್ದು ಇರ್ಬಾರ್ದು, ಫೋನಂತೂ ಹತ್ರಾನೇ ಸೇರಿಸ್ಬಾರ್ದು,” ಎನ್ನುತ್ತ ಅವನು ಕಿಟಕಿಯ ಪರದೆಯನ್ನು ಸರ್ರನೆ ಸರಿಸಿದ. ಬಿಸಿಲು ಅವಳ ಮುಸುಕಿನೊಳಗೂ ನುಗ್ಗಿತು.

ಅವಳು ಎದ್ದಳು. ಹತ್ತಿಯ ಸುರುಳಿ ಬಿಚ್ಚಿ, ಈ ಸಲ ನಿಂಬೆಹಣ್ಣಿನಷ್ಟು ದೊಡ್ಡ ಉಂಡೆ ಮಾಡಿ ಅವನ ಅಂಗೈಯಲ್ಲಿಟ್ಟಳು.

“ಇಷ್ಟು ದಪ್ಪದ್ದು ಕಿವೀಲಿ ಹಿಡಿಸುತ್ತೇನೇ?”

“ಕಿವಿಗಲ್ಲ ರೀ, ಬಾಯಿಗೆ.”