ಹೂಂ ಅಂದವರು

ಕಾಡಂಚಿನ ಸಿದ್ದಿ ಕೇರಿಯಲ್ಲಿ ಕತೆ ಕೇಳುವವರು ಹೂಂಗುಟ್ಟಬೇಕು. ಹೂಂ ಸಿಕ್ಕ ಮಾತು ಮರುದಿನ ನಡೆಯುತ್ತದೆ, ಸಿಗದ ಮಾತು ಅಲ್ಲೇ ಬಿದ್ದುಹೋಗುತ್ತದೆ. ಅಂಗಳದಲ್ಲಿ ಕೂತವರು ತಮ್ಮ ಮನೆಮಕ್ಕಳನ್ನು ನೆನೆದು ಹೂಂ ಅನ್ನುತ್ತಿದ್ದುದರಿಂದ ಹಿಂದೆಲ್ಲ ತೊಂದರೆ ಇರಲಿಲ್ಲ. ಈಗ ಕತೆ ಫೋನಿನಲ್ಲಿ ಲೈವ್ ಹೋಗುತ್ತದೆ. ಎಲ್ಲೆಲ್ಲಿಯವರೋ ಹೂಂ ಅನ್ನುತ್ತಾರೆ. ಹೆಚ್ಚು ಹೂಂ ಯಾವುದಕ್ಕೋ ಅದೇ ನಡೆಯುತ್ತದೆ.

ಆ ಸಂಜೆ ಬಸ್ತ್ಯಾಂವ್ ಅಜ್ಜನ ಕತೆಯಲ್ಲಿ ಹುಡುಗಿಯೊಬ್ಬಳು ಹಾಸ್ಟೆಲಿನಿಂದ ಟ್ರಂಕು ಹೊತ್ತು ಕಾಡುದಾರಿಯಲ್ಲಿ ಬರುತ್ತಿದ್ದಳು. ಅಂಗಳದಲ್ಲಿ ಕೂತಿದ್ದ ರೋಜಿನ ತಟ್ಟನೆ ಎದ್ದಳು. ಅವಳ ಮಗಳು ಫಿಲ್ಲು ನಾಳೆ ಹಾಗೆಯೇ ಬರುವವಳು.

“ಬಿದಿರು ಮೆಳೆಯಿಂದ ಕರಡಿ ಹೊರಗ ಬಂತು,” ಎಂದ ಅಜ್ಜ.

ಅಂಗಳದಲ್ಲಿ ಯಾರೂ ಹೂಂ ಅನ್ನಲಿಲ್ಲ. ಫೋನಿನಿಂದ ಮಾತ್ರ ಹೂಂ, ಹೂಂ ಎಂದು ಸುರಿಯತೊಡಗಿತು.

“ಅಜ್ಜಾ, ಅದು ನನ್ನ ಫಿಲ್ಲು! ಕರಡೀನ ಹಿಂದಕ್ಕ ಕಳಸು!” ರೋಜಿನ ಅವನ ತೋಳು ಹಿಡಿದು ಅಲುಗಾಡಿಸಿದಳು.

“ಬಾಯಿಗೆ ಬಂದ್ಬಿಡ್ತವ್ವಾ.” ಅಜ್ಜ ಫೋನಿನತ್ತ ಬಾಗಿ ಹೇಳಿದ: “ಕರಡಿ ಹುಡುಗೀನ ಮೂಸಿ ನೋಡಿ, ಸುಮ್ನ ವಾಪಸ್ ಹೋತು.”

ಅಂಗಳದವರೆಲ್ಲ ಗಂಟಲು ಹರಿಯುವಂತೆ ಹೂಂ ಎಂದು ಕಿರುಚಿದರು. ಫೋನಿನಿಂದ ಒಂದು ಹೂಂ ಕೂಡ ಬರಲಿಲ್ಲ. ಆಮೇಲೆ ಅದರೊಳಗೆ ಯಾವ ಊರಿನವನೋ ನಕ್ಕ.

“ಏನಜ್ಜಾ, ಇಷ್ಟೇನಾ? ಬೋರಾಯ್ತು. ಕರಡಿ ಅಲ್ಲೇ ಇರ್ಲಿ ಬಿಡು.”

ಅದಕ್ಕೆ ಫೋನಿನ ತುಂಬ ಹೂಂ ಬಿತ್ತು.

ಫಿಲ್ಲುವಿನ ಬಸ್ಸು ಬರುವುದು ನಾಳೆ. ಕತ್ತಿ ಹಿಡಿದು ರೋಜಿನ ಆಗಲೇ ಕಾಡುದಾರಿಗೆ ಇಳಿದಿದ್ದಳು.