ಕಿವಿ ಮುಟ್ಟದ ಹೆಸರು

"ನಿನಗೆ ಸಂಗೀತ ಕಲಿಸಿದವರು ಯಾರಮ್ಮ?" ಅನುದಾನ ಕೊಡುವ ಮುನ್ನ ಸಂಗೀತ ಶಾಲೆ ನೋಡಲು ಸುರಪುರಕ್ಕೆ ಬಂದಿದ್ದ ಹಿರಿಯ ಗಾಯಕಿ ಕೇಳಿದರು.

ತೊಡೆಯ ಮೇಲೆ ಗಿಟಾರ್ ಇಟ್ಟುಕೊಂಡಿದ್ದ ಗುಡ್ಡಿ, "ಬಾಲರಾಜ ಸರ್ ರೀ" ಎಂದಳು. ಗಾಯಕಿ ಅವಳ ಕೈಯನ್ನೇ ನೋಡಿದರು. ಗುರುವಿನ ಹೆಸರೆತ್ತುವಾಗ ಕಿವಿ ಮುಟ್ಟಿಕೊಳ್ಳುವುದು ಸಂಗೀತ ಕಲಿತವರ ರೂಢಿ. ಗುಡ್ಡಿಯ ಕೈ ತಂತಿ ಬಿಟ್ಟು ಮೇಲೇಳಲಿಲ್ಲ.

ಹಿಂದಿನ ಸಾಲಿನಲ್ಲಿ ಹಾಶಿಮ ಉಸ್ತಾದರು ತಣ್ಣಗೆ ಕುಳಿತಿದ್ದರು. ಮಕ್ಕಳು ಅವರ ಶಿಷ್ಯರು, ಹೊಸ ಧಾಟಿಯ ಹಾಡುಗಳೂ ಅವರವೇ. ಅನುದಾನದ ಅರ್ಜಿಯಲ್ಲಿ ಮಾತ್ರ ಎಲ್ಲವನ್ನೂ, ಉಸ್ತಾದರು ಬಾಡಿಗೆಗೆ ಹಿಡಿದು ಶಾಲೆ ನಡೆಸುತ್ತಿದ್ದ ಮನೆಯ ಮಾಲೀಕ ಬಾಲರಾಜ ತನ್ನದೆಂದು ಬರೆದುಕೊಂಡಿದ್ದ. "ಹುಡುಗ್ರು ನನ್ನ ಹೆಸರು ಹೇಳ್ಲಿಲ್ಲಂದ್ರ ಮನಿ ಖಾಲಿ ಮಾಡ್ರಿ" ಎಂದು ನಿನ್ನೆ ಬಾಗಿಲಲ್ಲಿ ನಿಂತು ಗದರಿದ್ದ. ಅವನು ಹೋದ ಮೇಲೆ ಉಸ್ತಾದರು ಗುಡ್ಡಿಯನ್ನು ಕರೆದು ಹೇಳಿದ್ದರು: "ಹೆಸರು ಅವಂದ ಹೇಳು ಬೇಟಿ. ಕಿವಿ ಮಾತ್ರ ಮುಟ್ಟಬ್ಯಾಡ."

"ಹಿಂದೆ ಕೂತಿದ್ದಾರಲ್ಲ, ಅವರು ಯಾರು?" ಗಾಯಕಿ ಮತ್ತೆ ಕೇಳಿದರು.

ಗುಡ್ಡಿಯ ಕೈ ತಂತಿ ಬಿಟ್ಟು ಕಿವಿಗೆ ಹೋಯಿತು. "ಹಾಶಿಮ ಉಸ್ತಾದ್ರು ರೀ."

ಗಾಯಕಿ ಅರ್ಜಿ ಮಡಿಚಿ ಪಕ್ಕದಲ್ಲೇ ನಿಂತಿದ್ದ ಬಾಲರಾಜನ ಕೈಗೆ ವಾಪಸು ಕೊಟ್ಟರು. ಉಸ್ತಾದರು ಎದ್ದು ಬಂದು ಆ ಅರ್ಜಿಯ ಮೇಲೆ ಮನೆಯ ಕೀಲಿ ಇಟ್ಟರು.

"ಸಾಮಾನು ನಿನ್ನೇನ ಕಟ್ಟಿಟ್ಟೀನಿ."