ಕೇಳುವ ಕೋಲು

ಊಟದ ಡಬ್ಬಿ ಹಿಡಿದು ಹಡಗೆಳೆಯುವ ಉಗಿದೋಣಿಯ ಎಂಜಿನ್ ಕೋಣೆಗೆ ಇಳಿದವಳು ಮೆಟ್ಟಿಲಲ್ಲೇ ನಿಂತುಬಿಟ್ಟಳು. ಬಾಯ್ಲರಿನ ಸದ್ದಿಗೆ ಕಿವಿ ಮಂದವಾಗಿ, ಮನೆಯಲ್ಲಿ ಗಂಟಲು ಹರಿಯುವಂತೆ ಕೂಗಿದರೂ "ಹಾಂ?" ಎನ್ನುವ ಗಂಡ, ಮರದ ಕೋಲೊಂದರ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಒತ್ತಿಕೊಂಡು, ಕಣ್ಣುಮುಚ್ಚಿ ಏನನ್ನೋ ಆಲಿಸುತ್ತಿದ್ದ. "ಬೇರಿಂಗ್ ಒಣಗಿದೆ, ಪಾಪ, ಎಣ್ಣೆ ಕೇಳ್ತಿದೆ," ಎಂದು ತನ್ನಷ್ಟಕ್ಕೇ ಗೊಣಗಿದ.

"ಕಬ್ಬಿಣದ ಗೋಳು ಕೇಳುತ್ತೆ, ನನ್ನದು ಕೇಳಲ್ವಾ?" ಎಂದು ಅವಳು ಕಿರುಚಿದಳು.

"ಹಾಂ?"

ಅವಳಿಗೆ ಕುತೂಹಲ ತಡೆಯಲಾಗಲಿಲ್ಲ. ಹತ್ತಿರ ಹೋಗಿ, ಕೋಲಿನ ತುದಿಯನ್ನು ಎಂಜಿನ್ನಿಂದ ಎತ್ತಿ ತನ್ನ ಗಂಟಲಿಗೆ ಒತ್ತಿಕೊಂಡಳು. ಎಷ್ಟೋ ವರ್ಷದಿಂದ ಮರೆತೇಹೋಗಿದ್ದ ಮೆಲುದನಿಯಲ್ಲಿ, "ಊಟ ಆರಿಹೋಗುತ್ತೆ, ಬನ್ನಿ," ಎಂದಳು.

ಗಂಡ ಬೆಚ್ಚಿ ಕಣ್ಣುಬಿಟ್ಟ. "ಬಂದೆ ಕಣೇ. ಅದಕ್ಕೆ ಅಷ್ಟು ಜೋರಾಗಿ ಯಾಕೆ ಕೂಗ್ತೀಯ?"